ಏಕವಚನ

ಎಡಗಾಲಿನ ಬೂಟು ಹಿಮ್ಮಡಿಯ ಹತ್ತಿರ ಬಂದು ನಿಂತುಬಿಟ್ಟಿತು. ಅವಳು ನೆಲಕ್ಕೆ ಮೊಣಕಾಲೂರಿ, ಲೇಸನ್ನು ಪೂರ್ತಿ ಬಿಚ್ಚಿ ಇನ್ನೊಮ್ಮೆ ತಳ್ಳಿದಳು. ಗಂಡ ಸತ್ತ ಮೇಲೂ ಪಾದದ ಊತ ಇಳಿದಿರಲಿಲ್ಲ.

"ಬಿಡಿ ಅತ್ತಿಗೆ," ಎಂದಳು ನಾದಿನಿ. "ಮೇಲೆ ಬಟ್ಟೆ ಹೊದಿಸ್ತಾರೆ. ಕಾಲು ಯಾರು ನೋಡ್ತಾರೆ?"

"ಬೂಟಿಲ್ಲದೆ ಅವರು ಯಾವತ್ತೂ ಮೈದಾನಕ್ಕೆ ಹೋದೋರಲ್ಲ."

"ಈಗ ಹೋಗ್ತಿರೋದು ಮೈದಾನಕ್ಕಲ್ಲ."

"ಮೊದಲು ಮೈದಾನಕ್ಕೆ. ಆಮೇಲೆ ಸ್ಮಶಾನಕ್ಕೆ. ಗಂಟಲಿಗೆ ಹೇಳಿ ಕಳಿಸಿದೀನಿ."

ನಾದಿನಿ ಮುಖ ಗಂಟಿಕ್ಕಿದಳು. ಗಂಟಲು ಎಂದರೆ ಕ್ಷೌರದಂಗಡಿಯವನು. ಫುಟ್‌ಬಾಲ್ ಪಂದ್ಯದ ದಿನ ಪ್ರೇಕ್ಷಕರ ಮೆಟ್ಟಿಲುಗಳ ನಡುವೆ ನಿಂತು ಅವನು ಮೊದಲ ಕೂಗು ಹಾಕಿದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಅದಕ್ಕೇ ಆ ಹೆಸರು.

"ನಮ್ಮಣ್ಣನ್ನ ಬಾಯಿಗೆ ಬಂದ ಹಾಗೆ ಬೈದೋನು ಅವನು. ಈಗ ಅವನ ಕೈಯಿಂದ ಹೂವು ಬೇರೆ ಹಾಕಿಸ್ಕೋಬೇಕಾ?"

ಅವಳು ಎದ್ದಳು. ಅಡುಗೆಮನೆಗೆ ಹೋಗಿ ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ತಂದಳು. ಬೂಟಿನ ಹಿಂಭಾಗವನ್ನು ಮೇಲಿನಿಂದ ಕೆಳಗೆ ಸೀಳಿದಳು. ಪಾದ ಒಳಗೆ ಹೋಯಿತು. ಮುಂದಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಗಂಟಲು ನಿಂತಿದ್ದ, ಯಾರದೋ ದೊಗಳೆ ಕಪ್ಪು ಕೋಟು ತೊಟ್ಟು, ಕೈಯಲ್ಲಿ ದೊಡ್ಡದೊಂದು ಹೂವಿನ ಚಕ್ರ ಹಿಡಿದು. 'ನಮ್ಮ ಗೌರವಾನ್ವಿತ ಮಾಲೀಕರಿಗೆ' ಎಂದು ಅದರ ರಿಬ್ಬನ್ನಿನ ಮೇಲೆ ಬರೆದಿತ್ತು.

"ಎಲ್ಲರೂ ಮೈದಾನದಲ್ಲಿ ಸೇರಿದಾರೆ ಅಮ್ಮಾ. ಒಬ್ಬನೂ ಪಿಟಕ್ ಅನ್ನಲ್ಲ. ಅದಕ್ಕೆ ನಾನು ಜವಾಬ್ದಾರಿ."

"ಸುಮ್ನಿರಿ ಅಂತಲ್ಲ ನಾನು ಕೇಳಿದ್ದು. ಕೂಗಿ ಅಂತ."

ಅವನು ಹೂವಿನ ಕಡೆ ನೋಡಿದ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ."

*

ಗಂಡನದು ಬೇಕರಿ. ಅದರ ಹಿಂಗೋಡೆಗೆ ಅಂಟಿಕೊಂಡಂತೆ ಫುಟ್‌ಬಾಲ್ ಮೈದಾನ. ಬಾಗಿಲು ಹಾಕಲಿದ್ದ ಊರಿನ ಕ್ಲಬ್ಬನ್ನು ಅವರು ಕೊಂಡಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಮುಂದಿನ ವರ್ಷ ತಂಡ ಸೋಲತೊಡಗಿತು. ಒಳ್ಳೆಯ ಆಟಗಾರನೊಬ್ಬ ಬೇರೆ ಕ್ಲಬ್ಬಿಗೆ ಹೊರಟುಹೋದ. ಒಂದು ಮಧ್ಯಾಹ್ನ ಮೆಟ್ಟಿಲುಗಳ ಕಡೆಯಿಂದ ಗಂಟಲಿನ ಧ್ವನಿ ಎದ್ದಿತು:

"ಲೋ ಬನ್ನೂ..."

ಸಾವಿರ ಬಾಯಿ ಉತ್ತರ ಕೊಟ್ಟವು: "ಮನೆಗೆ ಹೋಗೋ!"

ಬೇಕರಿಯವರಿಗೆ ಬನ್ನು ಎಂಬ ಹೆಸರು ಅಂಟಿತು; ಅಂದಿನಿಂದ ಸೋತಾಗಲೆಲ್ಲ ಅದೇ ಕೂಗು. ಗೆದ್ದಾಗಲೂ ಕೆಲವು ಸಲ, ರುಚಿ ಹತ್ತಿದ್ದಕ್ಕೆ.

ಅವಳು ಗಂಡನ ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿರುತ್ತಿದ್ದಳು. ಪಾಪ, ಅಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು ಸುತ್ತಲಿನವರು. ಕರವಸ್ತ್ರದ ಹಿಂದೆ ಅವಳ ತುಟಿಗಳು ಅಲ್ಲಾಡುತ್ತಿದ್ದವು. ಮನೆಗೆ ಹೋಗೋ. ಧ್ವನಿಯಿಲ್ಲದೆ, ಎಲ್ಲರ ಜೊತೆಗೆ, ತಾಳ ತಪ್ಪದೆ. ಗಂಡ ನಸುಕಿಗೇ ಒಲೆಯ ಮುಂದೆ, ಅಲ್ಲಿಂದ ಮೈದಾನಕ್ಕೆ. ತಟ್ಟೆಯಲ್ಲಿ ಬಡಿಸಿಟ್ಟದ್ದು ಒಣಗುತ್ತಿತ್ತು. ಉಳಿಯದೆ ಹೋದ ಮಗುವನ್ನು ಅವಳು ಹೆತ್ತ ದಿನವೂ ಅವರು ಪರವೂರಿನ ಪಂದ್ಯದಲ್ಲಿದ್ದರು. ಅವರನ್ನು ಮನೆಗೆ ಕಳಿಸಬೇಕೆಂದು ಇಷ್ಟೊಂದು ಜನ ತನ್ನ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದಾರಲ್ಲ ಎಂದು ಅವಳಿಗೆ ಒಳಗೊಳಗೇ ಸಮಾಧಾನ.

ಗಂಡ ಮಾತ್ರ ನಗುತ್ತಾ ಹೊರಗೆ ಬರುತ್ತಿದ್ದರು.

"ಇವತ್ತು ಆ ಬದಿಯವರೂ ಸೇರ್ಕೊಂಡ್ರು, ಕೇಳಿಸ್ತಾ?"

"ಮಾನ ಹೋಗೋ ಮಾತಿಗೆ ನಗ್ತೀರಲ್ಲ."

"ಹುಚ್ಚಿ, ನಮ್ಮಮ್ಮ ಹೋದ ಮೇಲೆ ನನ್ನ 'ಲೋ' ಅನ್ನೋರು ಯಾರಿದಾರೆ ಹೇಳು. ಅಂಗಡೀಲಿ ಸಾಹುಕಾರ್ರೇ. ಬ್ಯಾಂಕಲ್ಲಿ ಸಾರ್. ಮನೇಲಿ ನೀನು 'ರೀ'. ಇವರೊಬ್ಬರೇ ನನ್ನನ್ನ ಮನುಷ್ಯ ಅಂತ ತಿಳ್ಕೊಂಡಿರೋದು."

*

ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಯಾರಿಗೂ ಹೇಳಬಾರದೆಂದು ಅವರು ಆಣೆ ಹಾಕಿಸಿಕೊಂಡರು. ಆದರೆ ಸುದ್ದಿ ಹಬ್ಬಿತು. ಕೊನೆಯ ಸಲ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಹೋದಾಗ ಇಡೀ ಮೈದಾನ ಎದ್ದು ನಿಂತಿತು. ಟೋಪಿ ಹಾಕಿದವರು ಟೋಪಿ ತೆಗೆದರು. ಮೆಟ್ಟಿಲುಗಳ ಉದ್ದಕ್ಕೂ ಒಂದು ಬಟ್ಟೆ ಬಿಚ್ಚಿಕೊಂಡಿತು: 'ಬೇಗ ಗುಣಮುಖರಾಗಿ ಬನ್ನಿ, ಸಾಹುಕಾರರೇ.' ಚಪ್ಪಾಳೆ ನಿಲ್ಲಲೇ ಇಲ್ಲ. ಅವಳು ಅತ್ತಳು. ಆ ದಿನ ನಿಜವಾಗಿಯೂ ಅತ್ತಳು.

ಮನೆಗೆ ಬಂದ ಮೇಲೆ ಗಂಡ ಬೂಟು ಬಿಚ್ಚಿಸಿಕೊಂಡರು.

"ನೋಡಿದ್ಯಾ," ಎಂದರು. "ಬನ್ನು ಹೋಗಿ ಬನ್ನಿ ಆಯ್ತು."

ಅವಳಿಗೆ ನಗು ಬಂತು. ಅವರ ಮುಖ ನೋಡಿ ನಿಂತಿತು.

"ಬಹುವಚನ ಹಚ್ಚಿಬಿಟ್ರು ಕಣೇ. ಡಾಕ್ಟರು ಇನ್ನೂ ಅದೂ ಇದೂ ಅಂತಿದಾನೆ. ಇವರು ನಾನು ಹೋದೆ ಅಂತ ನೇರವಾಗಿ ಹೇಳೇಬಿಟ್ರು."

ಆಮೇಲೆ ಪಂದ್ಯದ ದಿನಗಳಲ್ಲಿ ಮಲಗುವ ಕೋಣೆಯ ಕಿಟಕಿ ತೆರೆಯಬೇಕಿತ್ತು. ಅಲ್ಲಿಂದ ಚೆಂಡು ಒದ್ದ ಸದ್ದೂ ಕೇಳುತ್ತಿತ್ತು. ಅಂತೂ ಅವರು ಮನೆಗೆ ಬಂದಿದ್ದರು, ಹಗಲೂ ರಾತ್ರಿ ಅವಳ ಕಣ್ಣೆದುರೇ ಇದ್ದರು. ಮುಖ ಮಾತ್ರ ಕಿಟಕಿಯ ಕಡೆಗೆ.

"ಸೋತ್ರಾ?"

"ಸೋತ್ರು."

"ಮತ್ತೆ ಯಾಕೆ ಸುಮ್ನಿದಾರೆ?"

ಅವಳು ದಿಂಬು ಸರಿಮಾಡಿದಳು. ಅವರು ಅವಳ ಮಣಿಕಟ್ಟು ಹಿಡಿದುಕೊಂಡರು.

"ಅವರಿಗೆ ಹೇಳೇ, ಒಂದ್ಸಲ ಕೂಗೋಕೆ. ಆಗ್ಲಿಲ್ವಾ, ನೀನಾದ್ರೂ ಅನ್ನು. ನಿಂಗೇನು ಬರಲ್ವಾ? ಕರವಸ್ತ್ರದ ಹಿಂದೆ ಏನು ನಡೀತಿತ್ತು ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯಾ?"

ಅವಳ ಮೈ ಬಿಸಿಯಾಯಿತು. ಬಾಯಿ ತೆರೆದಳು. ಇಷ್ಟು ವರ್ಷ 'ರೀ' ಎಂದ ನಾಲಿಗೆ ಮಡಚಿಕೊಂಡೇ ಉಳಿಯಿತು.

"ಏನೇನೋ ಮಾತಾಡ್ಬೇಡಿ. ಔಷಧಿ ಕುಡೀರಿ," ಎಂದಳು.

ಮರುದಿನ ಕ್ಷೌರದಂಗಡಿಗೆ ಹೋದಳು. ಯಾರದೋ ಕೆನ್ನೆಯ ನೊರೆಯ ಮೇಲೆ ಕತ್ತಿ ಎತ್ತಿ ಹಿಡಿದು ಗಂಟಲು ಕೇಳಿಸಿಕೊಂಡ.

"ಸಾಯೋ ಮನುಷ್ಯನ್ನ 'ಲೋ' ಅನ್ಲಾ ಅಮ್ಮಾ? ನನ್ನ ಬಾಯಲ್ಲಿ ಹುಳ ಬೀಳುತ್ತೆ. ನಾವು ಬೈದು ಬೈದೇ ಅವರಿಗೆ ಹೀಗಾಯ್ತು ಅಂತ ನನ್ನ ಹೆಂಡ್ತೀನೇ ಅಂತಾಳೆ."

"ಅವರೇ ಕೇಳ್ತಿದಾರೆ."

"ಅದು ಅವರ ದೊಡ್ಡತನ," ಎಂದ ಗಂಟಲು. ಅವನ ಕಣ್ಣು ತುಂಬಿತ್ತು. ಅವಳು ವಾಪಸು ಬಂದಳು.

*

ವಾಹನ ಮೈದಾನದ ಗೇಟಿನೊಳಗೆ ತಿರುಗಿ, ಗೆರೆಯ ಪಕ್ಕದಲ್ಲಿ ನಿಂತಿತು. ಹಿಂದಿನ ಬಾಗಿಲು ತೆಗೆದರು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಮೆಟ್ಟಿಲುಗಳು ತುಂಬಿಹೋಗಿದ್ದವು. ಎಲ್ಲರೂ ಟೋಪಿಗಳನ್ನು ಎದೆಗೆ ಒತ್ತಿಕೊಂಡಿದ್ದರು. ಬೇಕರಿಯ ಚಿಮಣಿಯಿಂದ ಇವತ್ತು ಹೊಗೆಯಿಲ್ಲ.

ಗಂಟಲು ಮುಂದೆ ಬಂದು ಹೂವಿಟ್ಟ. ಅವಳು ಅವನನ್ನೇ ನೋಡಿದಳು. ಅವನು ಉಸಿರೆಳೆದುಕೊಂಡ, ಕುತ್ತಿಗೆಯ ನರ ಎದ್ದು ಬಂತು. ಕೂಗು ಬಂತು ಎಂದುಕೊಂಡಳು.

"ಹೋಗಿ ಬನ್ನಿ ಸಾಹುಕಾರ್ರೇ," ಎಂದ, ಕೇಳಿಸಿಯೂ ಕೇಳಿಸದಂತೆ. ಹಿಂದೆ ಸರಿದು ತನ್ನ ಜಾಗಕ್ಕೆ ಹೋಗಿ ನಿಂತ.

"ಆಯ್ತಲ್ಲ ಅತ್ತಿಗೆ. ಹೊರಡೋಣ, ಹೊತ್ತಾಗುತ್ತೆ."

ಡ್ರೈವರು ಬಾಗಿಲಿಗೆ ಕೈ ಹಾಕಿದ. ಅವಳು ಅವನ ಕೈ ತಳ್ಳಿದಳು. ಬಟ್ಟೆ ಸರಿದು ಸೀಳಿದ ಬೂಟು ಹೊರಗೆ ಇಣುಕುತ್ತಿತ್ತು. ಅದನ್ನು ಮುಚ್ಚಿದಳು. ಮುಷ್ಟಿಯಲ್ಲಿದ್ದ ಕರವಸ್ತ್ರವನ್ನು ನಾದಿನಿಯ ಕೈಗೆ ಕೊಟ್ಟಳು.

"ಲೋ ಬನ್ನೂ," ಎಂದಳು.

ಧ್ವನಿ ಒಡೆಯಿತು. ಎರಡನೆಯ ಸಲ ಹೊಟ್ಟೆಯಿಂದ ಬಂತು, ಖಾಲಿ ಗೋಲುಕಂಬದವರೆಗೂ ಹೋಯಿತು.

"ಲೋ ಬನ್ನೂ, ಮನೆಗೆ ಹೋಗೋ!"

"ಅತ್ತಿಗೆ," ಎಂದಳು ನಾದಿನಿ, ಅವಳ ತೋಳು ಹಿಡಿದು. "ಜನ ನೋಡ್ತಿದಾರೆ."

ಜನ ನೋಡುತ್ತಿದ್ದರು. ಒಬ್ಬರೂ ಕೂಗಲಿಲ್ಲ. ಪೆಟ್ಟಿಗೆಯಲ್ಲಿ ಅವನು ಮಲಗಿದ್ದಲ್ಲೇ ಮಲಗಿದ್ದ, ಗಲ್ಲಕ್ಕೆ ಕಟ್ಟಿದ ಬಟ್ಟೆಯೊಳಗೆ ಬಾಯಿ ಬಿಗಿದು.

ಅವಳು ತಲೆಯೆತ್ತಿ ಮೆಟ್ಟಿಲುಗಳ ಕಡೆ ನೋಡಿದಳು. ಗಂಟಲು ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದ. ಟೋಪಿಯ ಅಂಚಿನ ಕೆಳಗೆ ಅವನ ಗದ್ದ ಅಲ್ಲಾಡುತ್ತಿತ್ತು, ಧ್ವನಿಯಿಲ್ಲದೆ, ತಾಳ ತಪ್ಪದೆ. ಅವನ ಪಕ್ಕದವನದೂ. ಅವನ ಹಿಂದಿನ ಸಾಲಿನವರದೂ.