ಮುತ್ತು ಕಟ್ಟುವ ಕೈ

ಕಂಪ್ಲಿಯ ಗಾಳೆಪ್ಪನ ಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಕಿರಿಮಗಳು ತಾಯಕ್ಕನ ಓದೂ ಕೇಳುತ್ತಿತ್ತು. ಊರಾಚೆ ಮಿಶನ್ನಿನವರು ಹೊಸದಾಗಿ ಕಟ್ಟಿದ ಹುಲ್ಲುಮಾಡಿನ ಪ್ರಾರ್ಥನಾ ಮನೆಯಲ್ಲೇ ಶಾಲೆಯೂ ನಡೆಯುತ್ತಿತ್ತು. ಅವಳು ಬರೆಯುವ ಪಾಟಿ, ಮೈಮೇಲಿನ ನೀಲಿ ಕುಪ್ಪಸ ಎರಡೂ ಅಲ್ಲಿಂದ ಬಂದವು. ಆ ಕುಪ್ಪಸವನ್ನು ಅಕ್ಕ ಹುಲುಗಮ್ಮ ಬೇಕಾದ್ದಕ್ಕಿಂತ ಜೋರಾಗಿ ಕಲ್ಲಿಗೆ ಬಡಿದು ಒಗೆಯುತ್ತಿದ್ದಳು.

ಗಂಡುಮಕ್ಕಳಿಲ್ಲದ ಗಾಳೆಪ್ಪ, ಮಗನ ಸ್ಥಾನಕ್ಕೆಂದು ಹುಲುಗಮ್ಮನನ್ನು ಚಿಕ್ಕಂದಿನಲ್ಲೇ ದೇವಿಗೆ ಬಸವಿ ಬಿಟ್ಟಿದ್ದ. ದೇವಿಗೆ ಬಿಟ್ಟ ಗುರುತಾಗಿ ಕೊರಳಿಗೆ ಮುತ್ತು ಬಿತ್ತು. ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಬಸವಿಗೆ ಹುಟ್ಟಿದ ಮಗುವೇ ಅವಳ ತಂದೆಯ ಮನೆಗೆ ವಾರಸು. ದೊಡ್ಡವಳಾದ ಮೇಲೆ, ತಂದೆಯ ಹೆಸರಿಲ್ಲದೆ ಹುಟ್ಟಿದ ಅವಳ ಕೂಸು ಉಳಿಯಲಿಲ್ಲ. ಮನೆಗೆ ವಾರಸುದಾರ ಬೇಕೆಂದು ಗಾಳೆಪ್ಪ ಈಗ ತಾಯಕ್ಕನನ್ನೂ ಬಿಡಲು ಹೊರಟಿದ್ದ. ಮನೆಯಲ್ಲಿ ಬಸವಿಯಿದ್ದರೆ ಮುತ್ತನ್ನು ಅವಳೇ ಕಟ್ಟಬೇಕೆಂಬುದು ವಾಡಿಕೆ.

ಸುದ್ದಿ ಕೇಳಿ ಶಾಲೆಯ ಟೀಚರು ರೂತಮ್ಮ ಗಾಳೆಪ್ಪನ ಮನೆಯ ಕಟ್ಟೆಗೆ ಬಂದು ಕೂತಳು.

"ಹುಡುಗೀನ್ನ ಕಳಸ್ರಿ ಯಪ್ಪಾ. ಬಳ್ಳಾರಿ ಬೋರ್ಡಿಂಗಿನ್ಯಾಗ ಓದಸ್ತೀವಿ."

"ನಿಮ್ಮ ದೇವ್ರಿಗೆ ಸೇರಸಾಕ ಬಂದೀರೇನು?"

"ಅದನ್ನ ದೊಡ್ಡಾಕಿ ಆದಮ್ಯಾಗ ಆಕೀನ ಹೇಳ್ಲಿ. ಕೂಳು ಹಾಕಾಕ ಮಗನ ಕೈನ ಬೇಕೇನು? ಕಲಿತ ಮಗಳು ಸಾಕಂಗಿಲ್ಲೇನು?"

"ದೇವಿ ಮುನಿದು ಊರಿಗೆ ಬ್ಯಾನಿ ಬಂದ್ರ ನಿಮ್ಮ ಮಿಶನ್ ದೊರಿ ಬಂದು ಬಿಡಸ್ತಾನೇನು?"

ಒಳಗಿಂದ ಹುಲುಗಮ್ಮ ಚುಚ್ಚಿದಳು: "ನನ್ನ ಕೇಳಾಕ ಯಾರೂ ಬರ್ಲಿಲ್ಲಲ್ಲ ಟೀಚರಮ್ಮ? ಆವಾಗ ನಿಮ್ಮ ದೇವ್ರು ನಿದ್ದಿ ಮಾಡ್ತಿದ್ನೇನು?"

ರೂತಮ್ಮ ತಲೆ ತಗ್ಗಿಸಿದಳು. ಅದು ಹುಲುಗಮ್ಮನಿಗೆ ಹಿತವಾಯಿತು. ತನಗೆ ಸಿಗದ್ದು ತಂಗಿಗೇಕೆ ಸಿಗಬೇಕು?

"ಹುಣ್ಣಿವಿ ದಿನ ಇಟ್ಕೋ ಯಪ್ಪಾ," ಎಂದಳು. "ನಾನ ಕಟ್ತೀನಿ."

ಹುಣ್ಣಿಮೆಯ ಬೆಳಿಗ್ಗೆ ತಾಯಕ್ಕನಿಗೆ ಅರಿಶಿನದ ನೀರು ಹೊಯ್ದು ಕಂಬಳಿಯ ಮೇಲೆ ಕೂಡಿಸಿದರು. ಅವಳು ಅಳುತ್ತಾಳೆಂದು ಹುಲುಗಮ್ಮ ಕಾದಿದ್ದಳು. ನೋಡುವ ಆಸೆಯೂ ಇತ್ತು. ಹುಡುಗಿ ನಗುತ್ತ ಕೊರಳು ಚಾಚಿದಳು.

"ಯಕ್ಕಾ, ನಿನ್ನ ಮುತ್ತು ನೋಡಿ ಭಾಳ ಹೊಟ್ಟಿಕಿಚ್ಚು ನನಗ. ಇನ್ನ ನಾನೂ ನಿನ್ನಂಗ ಆಗ್ತೀನಿ, ಹೌದಲ್ಲ?"

ಮುತ್ತಿನ ದಾರ ಹಿಡಿದ ಹುಲುಗಮ್ಮನ ಬೆರಳುಗಳು ನಿಂತವು. ಇಷ್ಟು ವರ್ಷ ಅವಳು ಅತ್ತದ್ದೆಲ್ಲ ಬಾಗಿಲು ಹಾಕಿಕೊಂಡು. ಮಗುವಿನ ಕಣ್ಣಿಗೆ ಬಿದ್ದದ್ದು ಮುತ್ತಿನ ಹೊಳಪು ಮಾತ್ರ.

"ಕಟ್ಟವಾ, ಜಲ್ದಿ," ಗಾಳೆಪ್ಪ ಅವಸರಪಡಿಸಿದ.

"ಕಟ್ಟಂಗಿಲ್ಲ."

"ದೇವಿ ಮುನೀತಾಳ!"

"ನನ್ನ ಮ್ಯಾಲ ಮುನೀಲಿ. ಕಸಗೊಳ್ಳಾಕ ನನ್ನ ಹತ್ರ ಏನೈತಿ? ಗಂಡುಮಗಾ ಅಂತ ಬಿಟ್ಟಿಯಲ್ಲ ನನ್ನ? ಹಂಗಾರ ಇವತ್ತೊಂದಿನ ಗಂಡುಮಗನ ಮಾತು ಕೇಳು."

ಮುತ್ತು ಕಟ್ಟಬಲ್ಲ ಬೇರೆ ಕೈ ಆ ಮನೆಯಲ್ಲಿರಲಿಲ್ಲ. ಗಾಳೆಪ್ಪ ಬೈಯುತ್ತ ಹೊರನಡೆದ. ಹುಲುಗಮ್ಮ ಅರಿಶಿನದ ಮೈಯಲ್ಲೇ ತಂಗಿಯನ್ನು ರೂತಮ್ಮನ ಬಳಿ ಕರೆದೊಯ್ದಳು.

ಬಳ್ಳಾರಿಯ ಬಂಡಿ ಹತ್ತಿಸುವಾಗಲೂ ಅವಳ ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ನೀಲಿ ಕುಪ್ಪಸದ ಗುಂಡಿ ಹಾಕಿಕೊಟ್ಟು, ತಂಗಿಯ ಕೈಯಲ್ಲಿದ್ದುದನ್ನು ಮೆಲ್ಲಗೆ ಎಳೆದುಕೊಂಡಳು.

"ಲೇ, ಈ ಪಾಟಿ ಇಲ್ಲೇ ಇರ್ಲಿ. ಅಲ್ಲಿ ನಿನಗ ಹೊಸಾದು ಕೊಡ್ತಾರ."