ಮಲಗುವ ಮಗುವಿಗೆ ಕೊಟ್ಟ ಮಾತು

ಪತ್ರಿಕೆಯ ಮೂವತ್ತೇಳನೆಯ ಪುಟದಲ್ಲಿ ಅವನದೇ ಮಾತು ಅಚ್ಚಾಗಿ ಕೂತಿತ್ತು: 'ಅನಾಗರಿಕರೊಡನೆ ಮಾಡಿಕೊಂಡ ಒಪ್ಪಂದ ಮಲಗುವ ಮಗುವಿಗೆ ಕೊಟ್ಟ ಮಾತಿನಂತೆ, ಮಗು ನಿದ್ದೆ ಹೋಗುವವರೆಗೆ ಮಾತ್ರ ಬಾಳುತ್ತದೆ.'

ಮೂರು ವಾರದ ಹಿಂದೆ, ತನ್ನ ಗುರು ಪ್ರೊಫೆಸರ್ ಹೆಸ್ಕೆತರ ಮನೆಯಲ್ಲಿ ಕುರಿಮಾಂಸ ಕತ್ತರಿಸುತ್ತ, ಮಂತ್ರಿಗಳನ್ನು ಅಣಕಿಸಲೆಂದು ಆಂಬ್ರೋಸ್ ಕೆಟಲ್‌ವೆಲ್ ಆಡಿದ ಮಾತು ಅದು. ಕೇಳಿದವರು ಗಂಡಹೆಂಡಿರಿಬ್ಬರೇ. ಇಲ್ಲಿ ಅಣಕ ಬಿದ್ದುಹೋಗಿ ಅಡಿಟಿಪ್ಪಣಿ ಸೇರಿತ್ತು.

ಪತ್ರಿಕೆಯಲ್ಲಿ ಬರುವ ಲೇಖನ ದ್ವೀಪದ ಪರ ಇರುತ್ತದೆಂದು ಹೆಸ್ಕೆತ್ ಹೇಳಿದ್ದರು. ಅದನ್ನು ನಂಬಿಯೇ ಆಂಬ್ರೋಸ್, ದಕ್ಷಿಣ ಸಾಗರದ ಆ ದ್ವೀಪದ ಅರಸನ ದೂತ ಸೆಮಿಸಿಯನ್ನು ಎರಡು ತಿಂಗಳಿಂದ ಲಂಡನ್ನಿನ ತನ್ನ ಬಾಡಿಗೆ ಕೋಣೆಯಲ್ಲಿ ಇಟ್ಟುಕೊಂಡಿದ್ದ. ದ್ವೀಪದೊಡನೆ ಸರ್ಕಾರ ಮಾಡಿಕೊಂಡ ಒಪ್ಪಂದವನ್ನು ಉಳಿಸುವುದೋ, ಮುರಿದು ದ್ವೀಪವನ್ನೇ ನುಂಗುವುದೋ, ಶುಕ್ರವಾರ ಪಾರ್ಲಿಮೆಂಟಿನಲ್ಲಿ ತೀರ್ಮಾನ.

"ಯಾರು ಬರೆದಿದ್ದು, ಸರ್?" ಈಗ ಅದೇ ಮನೆಯಲ್ಲಿ, ಪತ್ರಿಕೆ ಹಿಡಿದು ಕೇಳಿದ ಆಂಬ್ರೋಸ್.

"ಹೆಸರು ಹಾಕೋ ಪದ್ಧತಿ ನಮ್ಮಲ್ಲಿ ಇಲ್ಲವಲ್ಲಯ್ಯ," ಎಂದರು ಹೆಸ್ಕೆತ್. "ವಿಚಾರ ಮುಖ್ಯ, ಆಸಾಮಿ ಅಲ್ಲ."

"ಇದು ನನ್ನ ಮಾತು."

"ಹೌದಾ? ಚೆನ್ನಾಗಿದೆ."

ಶ್ರೀಮತಿ ಹೆಸ್ಕೆತ್ ಚಹಾ ಬಗ್ಗಿಸುತ್ತ ನಕ್ಕರು. "ಅವತ್ತು ಇವರು ಅಂಗಿ ತೋಳಿನ ಮೇಲೇ ಬರಕೊಂಡ್ರಪ್ಪ. ಬಟ್ಟೆ ಒಗೆಯೋಳು ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

ಹೆಸ್ಕೆತ್ ಸಕ್ಕರೆ ಕಲಕಿದರು. "ಮಂತ್ರಿಗಳಿಗೆ ಆ ಸಾಲು ತುಂಬ ಹಿಡಿಸ್ತಂತೆ. ಅವರ ಕಚೇರೀಲಿ ಒಂದು ಜಾಗ ಖಾಲಿ ಇದೆ. ಸಾಲು ಯಾರದು ಅಂತ ಹೇಳ್ಲಾ?"

ಬೇಡ ಎನ್ನಬೇಕಿತ್ತು. "ಇನ್ನೊಂದು ಚೂರು ಹಾಲು," ಎಂದ ಆಂಬ್ರೋಸ್.

ಕೋಣೆಗೆ ಮರಳಿದಾಗ ಸೆಮಿಸಿ ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದ. "ಬಂತಾ ನಿಮ್ಮ ಗುರುಗಳ ಲೇಖನ? ಓದಿ."

ಓದಿದ. ಮಗುವಿನ ಸಾಲು ಬಂದಾಗ ಸೆಮಿಸಿ ಕೈಯೆತ್ತಿ ತಡೆದ.

"ಬರೆದೋನಿಗೆ ಮಕ್ಕಳಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಅವು ಕೇಳೋದೇ ರಾತ್ರಿ ಕೊಟ್ಟ ಮಾತನ್ನ."

"ಇರಬಹುದು."

"ಈ ಸಾಲು ನಿಮ್ಮ ಗುರುಗಳದಲ್ಲ ತಾನೆ?"

"ಅಲ್ಲ."

"ಮತ್ತೆ ಯಾರದು?"

"ಹೆಸರು ಹಾಕೋದಿಲ್ಲ. ಪದ್ಧತಿ."

ಸೆಮಿಸಿ ತಲೆಯಾಡಿಸಿದ. "ಮೊದಲು ಎದುರಾಳಿ ಮಾತು ಹೇಳಿ, ಆಮೇಲೆ ನಮ್ಮದು ಹೇಳ್ತಾರೇನೋ. ನಮ್ಮ ಕಡೇನೂ ಹಾಗೇ. ನಿಲ್ಲಿಸಬೇಡಿ."

ಪತ್ರಿಕೆಯ ಹಾಳೆಗಳು ಅಚ್ಚಿನ ಮನೆಯಿಂದ ಮಡಿಚಿಕೊಂಡೇ ಬರುತ್ತಿದ್ದವು, ಓದುವವರೇ ಸೀಳಿಕೊಳ್ಳಬೇಕು; ಉಳಿದವುಗಳ ಮಡಿಕೆಗಳನ್ನು ಯಾರೂ ಸೀಳಿರಲಿಲ್ಲ. ಸೆಮಿಸಿ ಮೇಜಿನ ಚಾಕು ತೆಗೆದು, ಮೀನಿನ ಹೊಟ್ಟೆ ಬಿಡಿಸುವವನ ನಾಜೂಕಿನಿಂದ ಒಂದು ಮಡಿಕೆ ಸೀಳಿ, ಪುಟ ಸವರಿ ಮುಂದಿಟ್ಟ. ಆಂಬ್ರೋಸ್ ಓದಿದ. ಇನ್ನೊಂದು ಸೀಳಿ ಇಟ್ಟ. ಓದಿದ. ದನಿ ತಾನಾಗಿ ಗಟ್ಟಿಯಾಯಿತು, ಏರಿಳಿತ ಹಿಡಿಯಿತು. ಯಾವ ವಾಕ್ಯ ತನ್ನದಲ್ಲ ಎಂಬುದು ಅವನಿಗೆ ಗೊತ್ತಾಗದೆ ಹೋಯಿತು.

ಕಾಗದದ ಬಿಳಿ ಎಳೆಗಳು ಇಬ್ಬರ ಮೊಣಕಾಲ ಮೇಲೂ ಉದುರುತ್ತಿದ್ದವು. ಸೆಮಿಸಿ ಅವನ್ನು ಕೊಡವಿಕೊಳ್ಳದೆ, ಮುಂದಿನ ಮಡಿಕೆಗೆ ಚಾಕು ತೂರಿಸಿ, ದ್ವೀಪದ ಪರ ಮಾತು ಬರಲೆಂದು ಆಂಬ್ರೋಸ್ ಪುಟ ಮುಗಿಸುವುದನ್ನೇ ಕಾಯುತ್ತಿದ್ದ.