ಫಲಾನುಭವಿಯ ಸಹಿ

"ಏನ್ಲೇ ಮಂಗ್ಳಿ, ಚಿಪ್ಪು ಒಡ್ಯೋದ್ ಬುಟ್ಟು ಮೇಡಮ್ಮು ಆಯ್ತೀಯಂತೆ? ನಿಮ್ಮಪ್ಪ ನಮ್ ಕೊಟ್ಗೇಲಿ ಸಗಣಿ ಬಾಚ್ತಾ ಬಾಚ್ತಾನೇ ಸತ್ತ. ನಿಂಗೆ ಯಾವನೇ ಕುರ್ಚಿ ಹಾಕ್ಕಂಡ್ ಕಾಯ್ತಾ ಕುಂತಿರೋನು?"

ಕೊಬ್ಬರಿ ಮಂಡಿಯ ಮರುಳಸಿದ್ದಯ್ಯ ಜಗಲಿಯ ಮೇಲಿಂದ ಹೀಗೆಂದು ಎಲೆಯಡಿಕೆ ಉಗಿದ. ಅಂಗಳದಲ್ಲಿ ಕೂತಿದ್ದ ಮಂಗಳಾ ತಲೆ ಎತ್ತಲಿಲ್ಲ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಸುತ್ತಲೂ ತಟ್ಟಿ ಒಡೆದು, ಒಳಗಿನ ಕೊಬ್ಬರಿಗೆ ಗಾಯವಾಗದಂತೆ ಇಡೀ ಉಂಡೆಯನ್ನೇ ಹೊರತೆಗೆಯಬೇಕು. ಏಟು ಒಂದು ಗುಲಗಂಜಿ ಜೋರಾದರೂ ಉಂಡೆ ಹೋಗಿ ಚೂರಾಗುತ್ತದೆ, ಮೇಲೆ ಬೈಗುಳ ಬೇರೆ. ದಂಡಿನಶಿವರದ ಸುತ್ತಮುತ್ತ ಆ ಏಟಿನ ಹದ ಮಂಗಳಾಳಷ್ಟು ಬಲ್ಲವರು ಇಬ್ಬರೋ ಮೂವರೋ ಇದ್ದಾರು.

ಅದನ್ನೇ ಅವಳು ಹನ್ನೊಂದು ವರ್ಷ ಕಾಲೇಜು ಮಕ್ಕಳಿಗೆ ಕಲಿಸಿದ್ದಳು. ದೇಶದ ತುಂಬ ಕಾಲೇಜುಗಳನ್ನು ಸೇರಿಸಿಕೊಂಡಿದ್ದ ಒಂದು ದೊಡ್ಡ ಜಾಲ; ಹಳ್ಳಿಯಲ್ಲಿ ಸೇವೆ ಮಾಡುತ್ತ ಪಾಠ ಕಲಿಯಬೇಕು ಎನ್ನುವುದು ಅದರ ಮಂತ್ರ. ವರ್ಷಕ್ಕೊಮ್ಮೆ ಬಸ್ಸು ಬರುತ್ತಿತ್ತು. ಮಕ್ಕಳು ಹತ್ತು ದಿನ ಮರುಳಸಿದ್ದಯ್ಯನ ಅಂಗಳದಲ್ಲಿ ಅವನ ಕಾಯಿ ಒಡೆದು, ಮಾರ್ಕ್ಸು ಕಟ್ಟಿಕೊಂಡು ಹೋಗುತ್ತಿದ್ದರು. ಸೇವೆ ಪುಕ್ಕಟೆ ಸಿಗುವಾಗ ಕೂಲಿಯವರು ಯಾಕೆ? ಆ ಹತ್ತು ದಿನ ಕಾಲೋನಿಯ ಹೆಂಗಸರು ಮನೆಯಲ್ಲಿ ಕೂರಬೇಕು. ಮಂಗಳಾ ಮಾತ್ರ ಬಿಟ್ಟಿಯಾದರೂ ಬರುತ್ತಿದ್ದಳು. "ಅಕ್ಕ, ಹೀಗಾ?" ಎಂದು ಮಕ್ಕಳು ಕೇಳಿದಾಗ ಅವಳಿಗೆ ಹಿಗ್ಗು. ಅಲ್ಲಿಯವರೆಗೆ ಅವಳನ್ನು ಯಾರೂ ಏನನ್ನೂ ಕೇಳಿದವರಲ್ಲ, ಬರೀ ಹೇಳಿದವರು.

ಕೊನೆಯ ದಿನ ಪ್ರತಿಯೊಬ್ಬರ ಪುಸ್ತಕದಲ್ಲೂ ಇಂಗ್ಲಿಷಿನ ಒಂದು ಸಾಲು, ಅದರ ಮುಂದೆ ಗೆರೆ. ಅಲ್ಲಿ ಮಂಗಳಾ ಸಹಿ ಹಾಕಬೇಕು. ಹೆಬ್ಬೆಟ್ಟಿನವಳು ಆ ಗೆರೆಗೋಸ್ಕರವೇ ಸಹಿ ಕಲಿತಳು. ಮಕ್ಕಳ ಪುಸ್ತಕಕ್ಕೆ ಸಹಿ ಹಾಕುವವರು ಮೇಷ್ಟ್ರಲ್ಲದೆ ಇನ್ಯಾರು ಎಂದು ಅವಳು ಯಾರನ್ನೂ ವಿಚಾರಿಸಲೂ ಇಲ್ಲ.

ಈಗ ದುಡ್ಡು ಕೊಡುವವರು ಕೈಬಿಟ್ಟು ಜಾಲವೇ ಮುಚ್ಚಿತ್ತು. ಕೊನೆಯ ಕಾಗದಪತ್ರ ಮುಗಿಸಲು ತಿಲಕ್ ಎಂಬ ಅಧಿಕಾರಿ ಬಂದಿದ್ದ. ಮರುಳಸಿದ್ದಯ್ಯನಿಗೆ ಶಾಲು, ಹಾರ, 'ಸೇವಾಬಂಧು' ಎಂಬ ಫಲಕ. ಅವನ ಹೆಂಡತಿ ದ್ರಾಕ್ಷಾಯಣಮ್ಮ ಜಗಲಿಯವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಮಟ್ಟೆ ರಾಶಿಯ ಪಕ್ಕ ಕೂತಿದ್ದ ಮಂಗಳಾ ಮತ್ತು ಕಾಲೋನಿಯ ಮುದುಕ ಕೂಲಿ ದುರ್ಗಯ್ಯನಿಗೆ ಪೇಪರ್ ಲೋಟ ಇಟ್ಟಳು. ಮಕ್ಕಳಿದ್ದಾಗ ಎಲ್ಲರಿಗೂ ಪೇಪರ್ ಲೋಟವೇ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮಂಗಳಾಳಿಗೆ ಬೇಕಾಗಿದ್ದದ್ದು ಒಂದು ಸೀಲು. ತುರುವೇಕೆರೆಯಲ್ಲಿ ಹೊಸದಾಗಿ ತೆರೆದ ತರಬೇತಿ ಕೇಂದ್ರಕ್ಕೆ ಉಂಡೆ ಕೊಬ್ಬರಿ ತೆಗೆಯುವುದನ್ನು ಕಲಿಸುವ ಹೆಂಗಸು ಬೇಕಾಗಿದ್ದಳು. ಕಲಿಸಿದ ಅನುಭವಕ್ಕೆ ಸೀಲಿನ ಕಾಗದ ಕೇಳಿದ್ದರು. ಅರ್ಜಿಗೆ ನಾಳೆಯೇ ಕೊನೆಯ ದಿನ. ಹೋದ ವರ್ಷ ಬಂದಿದ್ದ ಗಾನವಿ ಎಂಬ ಹುಡುಗಿ 'ನಮಗೆ ಕಲಿಸಿದವರು ಮಂಗಳಾ ಅಕ್ಕ' ಎಂದು ಬರೆದು, ತಂಡದವರೆಲ್ಲರ ರುಜು ಹಾಕಿಸಿ ಅಂಚೆಯಲ್ಲಿ ಕಳಿಸಿದ್ದಳು. ಆ ಕಾಗದವನ್ನು ಮಂಗಳಾ ಜಗಲಿಯ ಅಂಚಿಗೆ ಇಟ್ಟಳು.

"ಸಾ, ಇದ್ಕೊಂದ್ ಸೀಲ್ ಒತ್ಬುಡಿ. ನಾನೇ ಕಲ್ಸಿದ್ದು ಅಂತ ನಿಮ್ಗೂ ಗೊತ್ತು. ಅಷ್ಟೂ ಪುಸ್ತಕ್ದಲ್ಲೂ ನನ್ ಸೈನೇ ಐತೆ."

ತಿಲಕ್ ಕನ್ನಡಕ ಒರೆಸಿಕೊಂಡ. "ಅದು ಟೀಚರ್ ಸಹಿ ಅಲ್ಲ ಮಂಗಳಮ್ಮ. ಅಲ್ಲಿ ಬರ್ದಿರೋದು ಫಲಾನುಭವಿ ಅಂತ. ಅಂದ್ರೆ, ಸೇವೆ ಪಡ್ಕೊಂಡೋರು. ರೆಕಾರ್ಡಲ್ಲಿ ನೀವು ಹಾಗೇ ಇರೋದು. ನಾನೇನೂ ಮಾಡಕ್ಕಾಗಲ್ಲ."

"ನಾನೇನ್ ಪಡ್ಕಂಡೆ ಸಾ?"

ತಿಲಕ್ ಕಾಫಿ ಲೋಟ ನೋಡಿದ. ಉತ್ತರ ಕೊಟ್ಟವನು ಮರುಳಸಿದ್ದಯ್ಯ.

"ಹನ್ನೊಂದ್ ವರ್ಷ ಬಿಟ್ಟಿ ಕಾಫಿ ಕುಡ್ದಿಲ್ವೇನೇ, ಬೇವರ್ಸಿ ಮುಂಡೆ?"

"ಸುಮ್ಕಿರವ್ವ, ಬುಟ್ಟಾಕು," ಎಂದ ದುರ್ಗಯ್ಯ, ಮೆಲ್ಲಗೆ.

ಮಂಗಳಾ ಕಾಗದ ವಾಪಸು ತೆಗೆದುಕೊಂಡಳು. ಅಕ್ಷರ ಕೆಡಬಾರದೆಂದು ಉಸಿರು ಬಿಗಿಹಿಡಿದು ಹಾಕಿದ ಅಷ್ಟೂ ಸಹಿಗಳು ಕಣ್ಣಮುಂದೆ ಬಂದು, ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು.

ತಿಲಕ್ ಕೊನೆಯ ಕಾಗದಕ್ಕೆ ಸೀಲು ಒತ್ತಿದ. ಇನ್ನು ಯಾರೂ ಮತ್ತೆ ಬಳಸದಂತೆ ಸೀಲನ್ನು ಎಲ್ಲರೆದುರು ಒಡೆದು ಫೋಟೋ ಕಳಿಸಬೇಕೆಂದು ಮೇಲಿನವರ ಅಪ್ಪಣೆ. ಮರದ ಹಿಡಿಯ ಗಟ್ಟಿ ಸೀಲು. ಅವನು ಕಲ್ಲುಕಂಬಕ್ಕೆ ಎರಡು ಸಲ ಕುಟ್ಟಿದ, ಏನೂ ಆಗಲಿಲ್ಲ.

"ಆ ಮುಂಡೆಗ್ ಕೊಡಿ ಸಾರ್, ಒಡ್ಯೋದೇ ಅವ್ಳ್ ಕಸುಬು," ಎಂದು ಮರುಳಸಿದ್ದಯ್ಯ ಸೀಲನ್ನು ತಾನೇ ಇಸಿದುಕೊಂಡು ಕೆಳಕ್ಕೆಸೆದ. ಅಂಗಳದವರ ಕೈಗೆ ಏನನ್ನೂ ಮುಟ್ಟಿಸಿ ಕೊಡುವ ವಾಡಿಕೆ ಆ ಮನೆಯಲ್ಲಿಲ್ಲ. ಕೂಲಿಯನ್ನೂ ಹಾಗೇ ಎಸೆಯುತ್ತಿದ್ದರು, ಇವರು ಹಿಡಿಯುತ್ತಿದ್ದರು.

ಮಂಗಳಾ ಹಿಡಿದಳು. ಮಸಿ ಇನ್ನೂ ಹಸಿಯಾಗಿತ್ತು. ಕಾಯಿ ಒಡೆಯುವ ಕೊರಡಿನ ಮೇಲೆ ಗಾನವಿಯ ಕಾಗದ ಬಿಡಿಸಿಟ್ಟು, ಸೀಲಿನ ಮೇಲೆ ಬಿಸಿಯುಸಿರು ಊದಿ, ಒತ್ತಿದಳು. ದುಂಡನೆಯ ನೀಲಿ ಗುರುತು ಪೂರ್ತಿ ಮೂಡಿತು.

"ಏಯ್, ಏನ್ ಮಾಡ್ತಿದ್ದೀರ್ರೀ?" ತಿಲಕ್ ಎದ್ದು ನಿಂತ.

ಅವಳು ಕಾಗದ ಮಡಿಸಿ ಕುಪ್ಪಸದೊಳಗಿಟ್ಟುಕೊಂಡಳು. ಸೀಲನ್ನು ಕೊರಡಿನ ಮೇಲೆ ನಿಲ್ಲಿಸಿ ಮಚ್ಚೆತ್ತಿದಳು. ಒಂದೇ ಏಟು, ಹಿಡಿಯಿಂದ ರಬ್ಬರಿನ ತನಕ ನಡುಮಧ್ಯೆ ಸೀಳಿ ಎರಡು ಹೋಳು ಬಿದ್ದವು.

"ತಗಳಿ ಸಾ. ಫೋಟಾ ಹೊಡ್ಕಳಿ."

"ಲೇ ದುರ್ಗ, ಆ ಕಾಗ್ದ ಕಿತ್ಕಳ್ಲಾ," ಮರುಳಸಿದ್ದಯ್ಯ ಗುಡುಗಿದ.

ದುರ್ಗಯ್ಯ ಪೇಪರ್ ಲೋಟವನ್ನು ಎತ್ತಿ ಕಾಫಿಯನ್ನು ಮಟ್ಟೆ ರಾಶಿಯ ಮೇಲೆ ಸುರಿದ. ಎದ್ದೇಳಲಿಲ್ಲ.

ಮರುಳಸಿದ್ದಯ್ಯ ಹೊದ್ದಿದ್ದ ಶಾಲು ಜಾರಿಸಿ ದಡದಡ ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಿಗೆ ಬಂದು, ಅವಳಿಗೂ ತನಗೂ ನಡುವೆ ಒಂದು ಮಾರು ಉಳಿದಾಗ, ಕಾಲು ತಾನಾಗಿ ನಿಂತಿತು.

"ಬನ್ನಿ ಬುದ್ಧಿ," ಎಂದಳು ಮಂಗಳಾ, ಮಚ್ಚನ್ನು ಕೆಳಗಿಟ್ಟು. "ಮುಟ್ಟಿ ಕಿತ್ಕಳಿ."